ದವಡೆ ಕಟ್ಟುವ ಕೈಗೆ ಪರೀಕ್ಷೆ

ನಮ್ಮ ಸಂಗನಕಲ್ಲಿನ ಒಂದು ಭಕ್ತರ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯಿದು. ಬಳ್ಳಾರಿಯಿಂದ ರಾತ್ರಿ ಮರಳುತ್ತಿದ್ದ ಮನೆಯ ಹುಡುಗ ಮೋಟಾರು ಸೈಕಲ್ಲಿನಿಂದ ಬಿದ್ದು ಕೆಳದವಡೆ ಮುರಿದುಕೊಂಡನು. ಎಲುಬು ಕಟ್ಟುವವರಲ್ಲಿಗೆ ಹೋಗೋಣವೆಂದರು ಒಬ್ಬರು. ದೊಡ್ಡಾಸ್ಪತ್ರೆಗೆ ಎಂದರು ಇನ್ನೊಬ್ಬರು. ಹುಡುಗನ ಅಜ್ಜ ನಮ್ಮತ್ತ ತಿರುಗಿ, “ಶಾಸ್ತ್ರಿಗಳೇ, ನಿಮಗೆ ಗೊತ್ತಿರೋ ಡಾಕ್ಟರು ಯಾರರ ಅದಾರೇನ್ರೀ? ನಮ್ಮವರಾದ್ರ ಚಲೋ ಆಗತೈತಿ” ಎಂದರು.

ನಾವೂ ಆ ಕ್ಷಣದಲ್ಲಿ ‘ನಮ್ಮವರ’ ಹೆಸರನ್ನೇ ನೆನೆದೆವು. ಅವರು ಸಜ್ಜನರು, ಹಲ್ಲಿನ ವೈದ್ಯರು, ಮಠಕ್ಕೆ ನಡೆದುಕೊಳ್ಳುವವರು. ದವಡೆಯ ಕೆಲಸದಲ್ಲಿ ಅವರ ಅಭ್ಯಾಸವೆಷ್ಟು ಎಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ಅವರು ಕಟ್ಟಿದರು, ಎಲುಬು ಕೂಡಿತು, ಆದರೆ ಓರೆಯಾಗಿ ಕೂಡಿತು. ಒಂದೂವರೆ ತಿಂಗಳ ಮೇಲೆ ನೋಡಿದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಾಳವಿಲ್ಲ, ರೊಟ್ಟಿ ಅಗಿಯಲಾಗದು. ಕೊನೆಗೆ ಬೇರೆ ಊರಿನ ತಜ್ಞರು ಆ ಎಲುಬನ್ನು ಮತ್ತೆ ಬಿಡಿಸಿ, ಹಲ್ಲುಗಳ ಕೂಟವನ್ನು ಮೊದಲು ಸರಿಪಡಿಸಿ, ಲೋಹದ ಪಟ್ಟಿಯಿಟ್ಟು ತಿರುಪುಗಳಿಂದ ಬಿಗಿಯಬೇಕಾಯಿತು. ಆ ಎರಡನೆಯ ನೋವಿನಲ್ಲಿ ನಮ್ಮ ಪಾಲೂ ಇತ್ತು. ಈ ವೈದ್ಯರು ಯಾರು, ಅವರನ್ನು ಪರೀಕ್ಷಿಸುವವರು ಯಾರು ಎಂದು ನಾವು ವಿಚಾರಿಸತೊಡಗಿದ್ದು ಆಮೇಲೆ.

ಕೈಕಾಲಿನ ಎಲುಬಿಗೂ ದವಡೆಗೂ ದೊಡ್ಡ ಅಂತರವಿದೆ. ಕೈ ಕೂದಲೆಳೆಯಷ್ಟು ಓರೆಯಾದರೂ ಬದುಕು ಸಾಗೀತು. ದವಡೆ ಅಷ್ಟು ಸರಿದರೆ ಊಟವೇ ಕೆಡುತ್ತದೆ. ಆದುದರಿಂದಲೇ ಈ ವಿದ್ಯೆ ದಂತವೈದ್ಯದೊಳಗೆ ಬೆಳೆದು, ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ ಎಂಬ ಪ್ರತ್ಯೇಕ ಶಾಖೆಯಾಯಿತು. ಅಪಘಾತದ ಗಾಯ, ಹುಟ್ಟಿನಿಂದಲೇ ಸೀಳಿದ ತುಟಿ ಮತ್ತು ಅಂಗುಳ, ದವಡೆಯ ಗಡ್ಡೆ ಇವೆಲ್ಲ ಅದರ ವ್ಯಾಪ್ತಿಯವು. ತಂಬಾಕು, ಗುಟಕಾಗಳಿಂದ ಬರುವ ಬಾಯಿಯ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿಯೂ ಇವರು ತೊಡಗುವುದುಂಟು. (ಸೀಳುತುಟಿಗೆ ಗ್ರಹಣದ ದೋಷವೆಂದು ತಾಯಂದಿರನ್ನು ಹಳಿಯುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.)

ಬಿ.ಡಿ.ಎಸ್. ಎಂಬ ಮೊದಲ ಪದವಿಗೆ ತರಬೇತಿ ವರ್ಷವೂ ಸೇರಿ ಐದು ವರ್ಷ. ಅನಂತರ ಪ್ರವೇಶ ಪರೀಕ್ಷೆ ಬರೆದು ಎಂ.ಡಿ.ಎಸ್.ನ ಒಂಬತ್ತು ಶಾಖೆಗಳಲ್ಲಿ ಇದನ್ನು ಆರಿಸಿಕೊಂಡವರು ಮತ್ತೆ ಮೂರು ವರ್ಷ ಓದಬೇಕು. 2017ರ ನಿಯಮಗಳಂತೆ ಮೊದಲ ವರ್ಷದ ಕೊನೆಗೆ ಮೂಲವಿಜ್ಞಾನಗಳ ಒಂದು ಪತ್ರಿಕೆ, ಕೊನೆಯಲ್ಲಿ ಮೂರು ಪತ್ರಿಕೆಗಳು, ಅದರ ಮೇಲೆ 200 ಅಂಕಗಳ ಪ್ರಾಯೋಗಿಕ, 100 ಅಂಕಗಳ ಮೌಖಿಕ. ಬರವಣಿಗೆ, ಪ್ರಯೋಗ ಎರಡರಲ್ಲಿಯೂ ಬೇರೆಬೇರೆಯಾಗಿ ಶೇಕಡಾ 50 ಬರಬೇಕು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವಂತಿಲ್ಲ.

ನಮ್ಮ ಮನಸ್ಸನ್ನು ಹಿಡಿದದ್ದು ಪ್ರಾಯೋಗಿಕದ ರೀತಿ. ಅಭ್ಯರ್ಥಿಯ ಮುಂದೆ ನಿಜವಾದ ರೋಗಿಯನ್ನು ಕೂಡಿಸುತ್ತಾರೆ. ಆತ ರೋಗಿಯನ್ನು ಮಾತನಾಡಿಸಿ, ಮುಟ್ಟಿ ನೋಡಿ, ರೋಗವಿಂಥದು, ಚಿಕಿತ್ಸೆಯಿಂಥದು ಎಂದು ಪರೀಕ್ಷಕರಿಗೆ ಒಪ್ಪಿಸಬೇಕು. ಒಂದೊಂದಕ್ಕೂ ಏಕೆ ಎಂಬ ಪ್ರಶ್ನೆಗೆ ನಿಂತು ಉತ್ತರಿಸಬೇಕು. ಮರಗಟ್ಟಿಸುವ ಸೂಜಿ ಹಾಕಿ, ಒಸಡಿನಲ್ಲಿ ಹೂತ ಬುದ್ಧಿಹಲ್ಲನ್ನು ತೆಗೆಯುವಂಥ ಒಂದು ಚಿಕ್ಕ ಶಸ್ತ್ರಕ್ರಿಯೆಯನ್ನು ಅವರ ಕಣ್ಣೆದುರಿಗೇ ಮಾಡಬೇಕು. ಪರೀಕ್ಷಕರಲ್ಲಿ ಹೊರಗಿನಿಂದ ಬಂದವರೂ ಇರುತ್ತಾರೆ. ಕಲಿಸಿದ ಗುರುವಿನ ವಾತ್ಸಲ್ಯಕ್ಕೆ ಹೊರಗಿನವರ ನಿಷ್ಠುರ ಕಣ್ಣು ಜೊತೆಯಾಗಲೆಂಬುದು ಅದರ ಉದ್ದೇಶ. ಆದರೆ ಮುರಿದ ದವಡೆ ಜೋಡಿಸುವಂಥ ದೊಡ್ಡ ಕೆಲಸವನ್ನು ಒಂದು ದಿನದ ಪರೀಕ್ಷೆಯಲ್ಲಿ ಅಳೆಯಲಾಗದು. ಅದಕ್ಕೆ ಸಾಕ್ಷಿ ಮೂರು ವರ್ಷ ಅಭ್ಯರ್ಥಿ ಬರೆದಿಟ್ಟ ಕೆಲಸದ ದಾಖಲೆಪುಸ್ತಕ. ಅದು ಪ್ರಾಮಾಣಿಕವಾಗಿದ್ದರೆ ಪದವಿಯೂ ಪ್ರಾಮಾಣಿಕ.

ಇಷ್ಟಕ್ಕೇ ನಿಲ್ಲದವರೂ ಇದ್ದಾರೆ. 1969ರಲ್ಲಿ ಆರಂಭವಾದ ಈ ಶಸ್ತ್ರವೈದ್ಯರ ಅಖಿಲ ಭಾರತ ಸಂಘದ ಆಶ್ರಯದಲ್ಲಿ ಎಂ.ಡಿ.ಎಸ್. ಮುಗಿಸಿದವರಿಗೆ ಫೆಲೋಶಿಪ್ ಪರೀಕ್ಷೆಯುಂಟು, ಅದು ಕಡ್ಡಾಯವಲ್ಲ. ಅಮೆರಿಕದಲ್ಲಿ 1946ರಲ್ಲಿ ಸ್ಥಾಪನೆಯಾದ ಮಂಡಳಿಯೊಂದು ಮೊದಲು ಲಿಖಿತ, ಅದರಲ್ಲಿ ಗೆದ್ದವರಿಗೆ ಮೌಖಿಕ ಪರೀಕ್ಷೆ ನಡೆಸುತ್ತದೆ. ಪಡೆದ ಪ್ರಮಾಣಪತ್ರವನ್ನು ಉಳಿಸಿಕೊಳ್ಳಲು ಮುಂದೆಯೂ ಕಲಿಯುತ್ತಿರಬೇಕು. ನಮ್ಮಲ್ಲಿ ಒಮ್ಮೆ ಬಂದ ಪದವಿ ಬಾಳಿನುದ್ದಕ್ಕೂ ಗೋಡೆಯ ಮೇಲಿರುತ್ತದೆ. ಇಲ್ಲಿ ಅವರ ಪದ್ಧತಿ ನಮಗೆ ಮೇಲೆನಿಸಿತು.

ನಮ್ಮ ಧರ್ಮದಲ್ಲಿ ಕುರುಹು ಮತ್ತು ಅರಿವು ಎಂಬ ಮಾತುಗಳಿಗೆ ವಿಶೇಷ ಬೆಲೆಯಿದೆ. ಪದವಿಯೂ ಒಂದು ಕುರುಹು. ಅದರ ಹಿಂದೆ ಅರಿವಿಲ್ಲದಿದ್ದರೆ ಬರಿಯ ಕಾಗದ. ಹನ್ನೆರಡನೆಯ ಶತಮಾನದ ವೈದ್ಯ ಸಂಗಣ್ಣನು ವೈದ್ಯವನ್ನೇ ಕಾಯಕವಾಗಿ ನಡೆಸಿದ ಶರಣ. ಅವನ ಬಾಗಿಲಿಗೆ ಬಂದ ರೋಗಿ ಕುಲವನ್ನು ಕೇಳುತ್ತ ನಿಂತಿದ್ದಾನೆಂದು ನಾವು ಊಹಿಸಲಾರೆವು. ಅಂಥ ಪರಂಪರೆಯವರಾದ ನಾವು ಮಗುವಿನ ದವಡೆ ಮುರಿದಾಗ ‘ನಮ್ಮವರೇ?’ ಎಂದು ಕೇಳಿದೆವು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇವೆ. ದಾವಣಗೆರೆಯಲ್ಲಿ 1979ರಲ್ಲಿ ಬಾಪೂಜಿ, ಬೆಳಗಾವಿಯಲ್ಲಿ 1985ರಲ್ಲಿ ಕೆ.ಎಲ್.ಇ., ಮೈಸೂರಿನಲ್ಲಿ 1986ರಲ್ಲಿ ಜೆ.ಎಸ್.ಎಸ್. ದಂತ ಕಾಲೇಜುಗಳು ಆರಂಭವಾದವು. ಇವುಗಳ ಹಿಂದೆ ನಮ್ಮ ಸಮಾಜದ ಹಿರಿಯರ, ಮಠದ ದುಡಿಮೆಯಿದೆ. ಅದು ಹೆಮ್ಮೆಯ ವಿಷಯ. ಆದರೆ ಮಗನನ್ನು ಎಂ.ಡಿ.ಎಸ್. ಓದಿಸಲು ಹೊಲ ಮಾರಿದ ತಂದೆಯೊಬ್ಬರು, “ಇಷ್ಟು ರೊಕ್ಕ ಸುರದೀವ್ರೀ, ಫೇಲ್ ಮಾಡಿದ್ರ ಹ್ಯಾಂಗ?” ಎಂದು ನಮ್ಮೆದುರು ಸಿಡುಕಿದ್ದುಂಟು. ಅವರ ಸಂಕಟ ನಿಜ. ಆದರೂ ಆ ಮಗ ಆ ಸಲ ಅನುತ್ತೀರ್ಣನಾದದ್ದು ಮುಂದೆ ಅವನ ಕೈಗೆ ಬರಲಿದ್ದ ಯಾರದೋ ಮನೆಯ ಮಗುವಿನ ಪುಣ್ಯವೆಂದೇ ನಾವು ಹೇಳಿದೆವು. ಅವರು ಕೆಲವು ತಿಂಗಳು ನಮ್ಮೊಡನೆ ಮಾತನಾಡಲಿಲ್ಲ.

ನಮ್ಮೂರಿನ ಗುಡ್ಡದಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದ ನೆಲೆಯಿದೆ. ಅಲ್ಲಿ ಚಕ್ಕೆಗಳ ನಡುವೆ ಅರೆಯಾಗಿ ಬಿಟ್ಟ ಕೊಡಲಿಗಳೂ ಸಿಕ್ಕಿವೆ. ಒಡೆದುದನ್ನು, ಓರೆಯಾದುದನ್ನು ಅವರು ಅಲ್ಲಿಯೇ ಬಿಟ್ಟು ನಡೆದರು.

ಹುಡುಗ ಈಗ ರೊಟ್ಟಿ ಅಗಿಯುತ್ತಾನೆ. ಎರಡನೆಯ ಆಸ್ಪತ್ರೆಗೆ ಹೋದ ದಿನ ಅವನ ಅಜ್ಜ ಫಲಕದ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿಸಿಕೊಂಡು, ಒಳಗೆ ಹೋಗಿ, “ಸಾಹೇಬ್ರ, ದವಡಿ ಕೆಲಸಾನ ಕಲ್ತೀರೇನ್ರೀ? ರಾಜ್ಯದ ದಂತ ಮಂಡಳಿಯೊಳಗ ಹೆಸರು ಬರಸೀರೇನ್ರೀ?” ಎಂದು ಕೇಳಿದರು. ವೈದ್ಯರು ಬೇಸರಿಸದೆ ಎದ್ದು, ತಮ್ಮ ನೋಂದಣಿ ಪತ್ರವನ್ನು ತಂದು ಮುದುಕರ ಕೈಗಿತ್ತರು. ಅವರ ಕುಲವನ್ನು ಆ ದಿನ ಯಾರೂ ಕೇಳಲಿಲ್ಲ. ನಮಗೆ ಅದು ಇಂದಿಗೂ ತಿಳಿಯದು.