ಇವತ್ತೇನು ಆಡೋಣ? ಮಕ್ಕಳೇ ಹೇಳಲಿ

ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯ ಒಂದು ಅಂಗನವಾಡಿ ಎಂದಿಟ್ಟುಕೊಳ್ಳಿ. ಚಾಪೆಯ ಮೇಲೆ ಮೂರು ಚಿತ್ರ: ಅಡುಗೆ ಆಟದ ಕುಡಿಕೆ, ಮಣ್ಣಿನ ಉಂಡೆ, ಕಥೆ ಪುಸ್ತಕ. ಮಕ್ಕಳ ಕೈಗೆ ತಲಾ ಒಂದು ಹುಣಸೆ ಬೀಜ. ಯಾವ ಆಟ ಬೇಕೋ ಆ ಚಿತ್ರದ ಮೇಲೆ ಬೀಜ ಇಡಬೇಕು. ಮೂರೂವರೆ ವರ್ಷದ ಪೋರ ಮೊದಲು ಪಕ್ಕದವಳು ಇಟ್ಟಲ್ಲೇ ಇಡುತ್ತಾನೆ. ಟೀಚರ್ ಅತ್ತ ತಿರುಗಿದ್ದೇ ತಡ, ಎತ್ತಿ ಮಣ್ಣಿನ ಉಂಡೆಯ ಮೇಲಿಡುತ್ತಾನೆ.

‘ಮಣ್ಣಲ್ಲಿ ಏನ್ ಮಾಡ್ತೀಯೋ?’

‘ಗಾಡಿ.’

‘ಯಾವ ಗಾಡಿ?’

‘ಕಬ್ಬಿಂದು ಮಿಸ್.’

ಯೋಜನೆ ಸಿದ್ಧವಾಯಿತು! ಇನ್ನು ಚಕ್ರಕ್ಕೆ ಬಾಟಲಿ ಮುಚ್ಚಳ, ಹೇರಲು ಕಡ್ಡಿ, ಎಲ್ಲ ಅವನೇ ಹುಡುಕಿ ತರಬೇಕು.

ಬೀಜದ ಬದಲು ಬೇರೇನಾದರೂ ಆದೀತು, ಪದ್ಧತಿ ಮಾತ್ರ ಹೊಸದಲ್ಲ. ಅಮೆರಿಕದ ಇಪ್ಸಿಲ್ಯಾಂಟಿಯಲ್ಲಿ 1962ರಲ್ಲಿ ಡೇವಿಡ್ ವೈಕಾರ್ಟ್ ಮತ್ತು ಸಂಗಡಿಗರು ಆರಂಭಿಸಿದ ಪೆರಿ ಶಿಶುಶಾಲೆಯಿಂದ ಬೆಳೆದ ‘ಹೈಸ್ಕೋಪ್’ ಕ್ರಮದಲ್ಲಿ ಮಗು ಮೊದಲು ಏನು ಮಾಡುತ್ತೇನೆಂದು ಹೇಳುತ್ತದೆ, ಮಾಡುತ್ತದೆ, ಆಮೇಲೆ ಮಾಡಿದ್ದನ್ನು ನೆನಪಿಸಿಕೊಳ್ಳುತ್ತದೆ. ಮಾತು ಬರದ ಮಗು ಬೆರಳು ತೋರಿಸಿದರೂ ಸಾಕು. ನಡುವೆ ಮನಸ್ಸು ಬದಲಾದರೆ ತಪ್ಪೇನಿಲ್ಲ, ಗಾಡಿ ರೊಟ್ಟಿಯಾಗಬಹುದು. ಗಾಡಿ ಯಾಕೆ ರೊಟ್ಟಿಯಾಯಿತು ಎಂದು ಕೊನೆಗೆ ಕೇಳುವುದರಲ್ಲೇ ಇದರ ಸ್ವಾರಸ್ಯವಿದೆ.

ನಮ್ಮಲ್ಲಿ 1920ರಲ್ಲೇ ಗುಜರಾತಿನ ಭಾವನಗರದ ಬಾಲಮಂದಿರದಲ್ಲಿ ಗಿಜುಭಾಯಿ ಬಧೇಕಾ ಮಕ್ಕಳ ಆಯ್ಕೆಗೆ ಬೆಲೆ ಕೊಟ್ಟಿದ್ದರು. ಅಂಗನವಾಡಿಗಳ ಐಸಿಡಿಎಸ್ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು. ದೇಶದ ಮೊದಲ 33 ಕಡೆಗಳಲ್ಲಿ ಮಂಡ್ಯದ ನೆರೆಯ ತಿ. ನರಸೀಪುರವೂ ಒಂದು.

ಈಗ ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಚಟುವಟಿಕೆಗಳಿವೆ, ವಾರಕ್ಕೊಂದು ವಿಷಯ. ಕ್ರಮ ಒಳ್ಳೆಯದೇ. ಆದರೆ ಕೆ.ಆರ್. ಪೇಟೆಯ ಹೇಮಗಿರಿಯಲ್ಲಿ ದನಗಳ ಜಾತ್ರೆ ಸೇರಿದಾಗ ಅಲ್ಲಿನ ಮಕ್ಕಳ ಬಾಯಲ್ಲಿ ಎತ್ತಿನ ಮಾತೇ. ಆ ವಾರದ ವಿಷಯ ಹೂವೋ ಬಣ್ಣವೋ ಆಗಿದ್ದರೆ ಅದನ್ನು ಪಕ್ಕಕ್ಕಿಡುವ ಧೈರ್ಯ ಟೀಚರಿಗೆ ಬೇಕು. ನಾಗಮಂಗಲದಲ್ಲಿ ರಾಗಿ ಒಕ್ಕಣೆ, ಶ್ರೀರಂಗಪಟ್ಟಣದಲ್ಲಿ ನಾಲೆಗೆ ನೀರು ಬಿಡುವುದು, ಇವೂ ಮಕ್ಕಳ ಪಟ್ಟಿಯಲ್ಲಿ ಇರುವಂಥವೇ.

ಮಕ್ಕಳ ಮಾತು ಕೇಳಬೇಕೆಂದು ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿ ನಡೆಸಿ ತೋರಿಸಿದ ರಾಜ್ಯ ನಮ್ಮದು. ಈಗ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮೈಕ್ ಹಿಡಿಯುವವರು ಶಾಲೆಯ ಮಕ್ಕಳು. ಅಂಗನವಾಡಿಯ ಪುಟಾಣಿಗಳನ್ನು ಜೋಕಾಲಿ ಎಲ್ಲಿರಬೇಕೆಂದು ಕೇಳುವವರಿಲ್ಲ.

ಕೇಳಬೇಕಾದ ಟೀಚರಿಗೋ ಬಿಡುವಿಲ್ಲ. ತೂಕ ನೋಡಬೇಕು, ಮನೆಗೆ ಕೊಡುವ ಆಹಾರ ಹಂಚಬೇಕು, ಪೋಷಣ್ ಟ್ರ್ಯಾಕರ್‌ಗೆ ಮೊಬೈಲಿನಲ್ಲಿ ಹಾಜರಿ ತುಂಬಬೇಕು, ಸರ್ವೆಗೆ ಹೋಗಬೇಕು. ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ. ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಮಾಡಿದ್ದನ್ನು ನೆನಪಿಸಿಕೊಳ್ಳುವ ಆ ಕೊನೆಯ ಐದು ನಿಮಿಷದ ಮಾತೇ. ಇತ್ತ ಊರ ಬಾಗಿಲಿಗೆ ಕಾನ್ವೆಂಟ್ ವ್ಯಾನು ಬರುತ್ತದೆ. ಎಬಿಸಿಡಿ ಬರೆದ ಪುಸ್ತಕ ಮನೆಗೆ ಬಂದರೆ ಅಪ್ಪ ಅಮ್ಮನಿಗೆ ಕಲಿತದ್ದು ಕಾಣುತ್ತದೆ. ರೊಟ್ಟಿಯಾದ ಗಾಡಿಯನ್ನು ಮನೆಗೆ ಒಯ್ದು ತೋರಿಸುವುದು ಹೇಗೆ?