ಮಲಗಿ ಹೋಗುವ ರೈಲು: ಉಳಿದ ದುಡ್ಡು ಯಾರದು?

ಹಬ್ಬ ಬಂತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹುಬ್ಬಳ್ಳಿ, ಬೆಳಗಾವಿ ಕಡೆಯ ಅಕ್ಕಂದಿರು ಊರಿಗೆ ಹೊರಟರು. ರಾಣಿ ಚೆನ್ನಮ್ಮ ರೈಲು ಬೆಂಗಳೂರು ಬಿಡುವುದು ರಾತ್ರಿ. ಮಲಗಿ ಎದ್ದರೆ ಊರು ಹತ್ತಿರ. ಒಂದು ದಿನದ ಕೂಲಿಯೂ ಉಳೀತು.

ಬಸ್ಸಿಗೆ ಹೋಗಬಹುದಲ್ಲ ಅಂತೀರಾ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಾವು ದುಡ್ಡು ಕೊಡಬೇಕಿಲ್ಲ. ಆದರೆ ಮಲಗುವ ಬಸ್ಸಿಗೆ ಶಕ್ತಿ ಇಲ್ಲ. ರಾತ್ರಿಯಿಡೀ ಕೂತೇ ಹೋಗಬೇಕು. ಬಸ್ಸಿನಲ್ಲಿ ಪಾಯಿಖಾನೆಯೂ ಇರುವುದಿಲ್ಲ. ಅದಕ್ಕೆ ಹೆದರಿ ಎಷ್ಟೋ ಹೆಂಗಸರು ಸಂಜೆಯಿಂದ ನೀರೇ ಕುಡಿಯುವುದಿಲ್ಲ. ಇದು ಯಾರ ಲೆಕ್ಕಪುಸ್ತಕದಲ್ಲೂ ಇಲ್ಲ.

ಈಗ ರೈಲಿನ ಲೆಕ್ಕ ನೋಡೋಣ. ಕರೆಂಟು, ಹಳಿ ರಿಪೇರಿ, ಡ್ರೈವರ್ ಸಂಬಳ, ಡಬ್ಬಿ ತೊಳೆಯುವುದು, ಎಲ್ಲಕ್ಕೂ ದುಡ್ಡು ಬೇಕು. ಒಬ್ಬರನ್ನು ಒಂದು ಕಿಲೋಮೀಟರ್ ಕರೆದೊಯ್ಯಲು 1 ರೂಪಾಯಿ 38 ಪೈಸೆ ಖರ್ಚು, ನಾವು ಪಡೆಯುವುದು 73 ಪೈಸೆ ಎಂದು ರೈಲ್ವೆ ಮಂತ್ರಿಗಳು 2025ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ಹೇಳಿದರು. ಇದು ಎಲ್ಲ ದರ್ಜೆಗೂ ಸೇರಿದ ಸರಾಸರಿ. ಅಂದರೆ 100 ಕಿಲೋಮೀಟರಿಗೆ 138 ರೂಪಾಯಿ ಖರ್ಚು. ಬರುವುದು 73. ಉಳಿದ 65 ರೂಪಾಯಿ ಬೇರೆ ಕಡೆಯಿಂದ ಬರಬೇಕು.

ಮಲಗುವ ಡಬ್ಬಿಗೆ ಖರ್ಚು ಇನ್ನೂ ಜಾಸ್ತಿ ಬೀಳುತ್ತದೆ. ಯಾಕೆ? ಹಳೇ ಮಾದರಿಯ ಕೂರುವ ಡಬ್ಬಿಯಲ್ಲಿ 108 ಜನ ಹಿಡಿಯುತ್ತಾರೆ. ಮಲಗುವ ಡಬ್ಬಿಯಲ್ಲಿ 72 ಜನ ಅಷ್ಟೆ. ಡಬ್ಬಿ ಅದೇ, ಹಳಿ ಅದೇ, ಟಿಕೆಟ್ ಕೊಂಡವರು ಕಡಿಮೆ.

ಹಾಗಾದರೆ ಉಳಿದ ದುಡ್ಡು ಯಾರು ಕೊಡುತ್ತಾರೆ? ಬಹುಪಾಲು ಗೂಡ್ಸ್ ಗಾಡಿ. ಕಲ್ಲಿದ್ದಲು, ಬಳ್ಳಾರಿ ಕಡೆಯ ಅದಿರು, ಸಿಮೆಂಟು, ಗೊಬ್ಬರ ಸಾಗಿಸಿ ಬಂದ ಲಾಭದಲ್ಲಿ ನಮ್ಮ ಟಿಕೆಟಿನ ಕೊರತೆ ತುಂಬುತ್ತಾರೆ. ಆದರೆ ಗೂಡ್ಸ್ ಬಾಡಿಗೆ ಹೆಚ್ಚಾದರೆ ಸಿಮೆಂಟಿನ ಬೆಲೆಯಲ್ಲಿ, ಕರೆಂಟು ಬಿಲ್ಲಿನಲ್ಲಿ ಅದು ನಮ್ಮ ಮನೆಗೇ ಬರುತ್ತದೆ. ಹೊಸ ಹಳಿ ಹಾಕಲು ಸರ್ಕಾರದ ಬೊಕ್ಕಸವೂ ಕೊಡುತ್ತದೆ. ಸೋಪು ಕೊಂಡಾಗ ನಾವು ಕೊಡುವ ತೆರಿಗೆ ಆ ಬೊಕ್ಕಸಕ್ಕೇ ಸೇರುತ್ತದೆ. ಆದ್ದರಿಂದ ರೈಲಿನವರು ನಮಗೆ ಧರ್ಮಕ್ಕೆ ಕೊಡುತ್ತಿದ್ದಾರೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಈ ಸಹಾಯ ಯಾವಾಗಲೂ ಇದ್ದೇ ಇರುತ್ತದೆ ಎಂದೇನೂ ಇಲ್ಲ. 58 ವರ್ಷ ದಾಟಿದ ಹೆಂಗಸರಿಗೆ ಮೊದಲು ಅರ್ಧ ಟಿಕೆಟ್ ಇತ್ತು. 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. ಕೆಲವು ರೈಲುಗಳಲ್ಲಿ ಸ್ಲೀಪರ್ ಡಬ್ಬಿ ತೆಗೆದು ಎ.ಸಿ. ಡಬ್ಬಿ ಹಾಕಿದರು. ಡಬ್ಬಿ ಕಡಿಮೆಯಾದರೆ ಅಗ್ಗದ ದರ ಇದ್ದೂ ಏನು ಬಂತು? ಸೀಟು ಸಿಗದವಳು ಖಾಸಗಿ ಬಸ್ಸು ಹತ್ತುತ್ತಾಳೆ. ಹಬ್ಬದ ದಿನ ಅಲ್ಲಿ ಅವರು ಹೇಳಿದ್ದೇ ರೇಟು.

ಸೀಟು ಸಿಗಲು ಒಂದು ದಾರಿ ಇದೆ. ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ 6 ಬರ್ತ್ ಹೆಂಗಸರಿಗೇ ಮೀಸಲು. ಒಬ್ಬಳೇ ಹೋಗುವವಳಿಗೂ ಸಿಗುತ್ತದೆ, ಹೆಂಗಸರ ಗುಂಪಿಗೂ ಸಿಗುತ್ತದೆ. ಕೌಂಟರಿನಲ್ಲಿ ‘ಲೇಡೀಸ್ ಕೋಟಾ’ ಎಂದು ಕೇಳಬೇಕು. 60 ದಿನ ಮೊದಲೇ ಬುಕಿಂಗ್ ಶುರುವಾಗುತ್ತದೆ. ಕ್ಯಾಲೆಂಡರ್ ತೆಗೆದು ದೀಪಾವಳಿಯಿಂದ ಹಿಂದಕ್ಕೆ 60 ದಿನ ಎಣಿಸಿ, ಆ ತಾರೀಖಿಗೆ ಗುರುತು ಹಾಕಿ.