ಬಾಂಡಿನ ಇವತ್ತಿನ ಬೆಲೆ ಎಷ್ಟು?

ಪಡೀಲಿನ ನಮ್ಮ ಒಂದು ಸಂಘ ಉಳಿತಾಯದ ಹಣದಲ್ಲಿ ಶೇ. 7 ಬಡ್ಡಿಯ 10,000 ರೂಪಾಯಿ ಬಾಂಡ್ ಕೊಂಡಿದೆ ಅಂತಿಟ್ಟುಕೊಳ್ಳೋಣ. ಅವಧಿ ಮುಗಿಯಲು 3 ವರ್ಷ ಇದೆ. ಹೊಸ ಬಾಂಡಿಗೆ ಶೇ. 8 ಸಿಗುವಾಗ ನಮ್ಮ ಹಳೇದನ್ನು ಪೂರ್ತಿ ಬೆಲೆಗೆ ಯಾರು ತಗೊಳ್ತಾರೆ? ಸುಮಾರು 9,740 ಸಿಕ್ಕೀತು. ಅದೇ ಇವತ್ತಿನ ಬೆಲೆ.

ಅವಧಿವರೆಗೆ ಇಟ್ಟುಕೊಳ್ಳುವುದಾದರೆ ಪುಸ್ತಕದಲ್ಲಿ ಕೊಂಡ ಬೆಲೆಯೇ ಇರಲಿ. ಆದರೆ ಒಬ್ಬರು ಸಂಘ ಬಿಟ್ಟು ಪಾಲು ಕೇಳಿದಾಗ ಇವತ್ತಿನ ಬೆಲೆ ಹಿಡಿಯಬೇಕು. ಇಲ್ಲವಾದರೆ ಅವರ ಪಾಲಿನ ನಷ್ಟವೂ ಉಳಿದವರ ತಲೆಗೆ. ಮಾರಿದರೆ 260 ರೂಪಾಯಿ ನಷ್ಟವನ್ನು ಬೇರೆಯೇ ಬರೆಯಿರಿ, ಬಡ್ಡಿಯೊಳಗೆ ಬೆರೆಸಬೇಡಿ.

ಬೆಲೆ ಬರೆದಾಕ್ಷಣ ಹಣ ಕೈಗೆ ಬಂತೆಂದಲ್ಲ, ನೋಡಿ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲನಿಧಿಗಳನ್ನು ಮುಚ್ಚಿತು. ಹೂಡಿದವರ ಒಪ್ಪಿಗೆ ಬೇಕೆಂದು ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಬೆಲೆ ದಿನವೂ ಪ್ರಕಟವಾಗುತ್ತಿತ್ತು. ಹಣ ಹಂಚಲು ಶುರುವಾದದ್ದು 2021ರ ಫೆಬ್ರವರಿಯಲ್ಲಿ.